ನೂರಕ್ಕೆ ಇನ್ನೂರು

ಕುತಾಯಿಸಿಯ ಆ ಪತ್ರಿಕೆಯಲ್ಲಿ, ಫೆಬ್ರವರಿಯ ಒಂದು ಶುಕ್ರವಾರ,
ಸತ್ತವನೊಬ್ಬ ‘ಒಳ್ಳೆಯ ಹೋತ’ನೆಂದು ಅಚ್ಚಾಗಿಬಿಟ್ಟ.
ತಪ್ಪು ದೊಡ್ಡದೇನಲ್ಲ. ಅವರ ಲಿಪಿಯೂ ನಮ್ಮದರಂತೆ
ದುಂಡು ದುಂಡು. ಕಕಾರ ವಕಾರ ಅಕ್ಕತಂಗಿ,
ಕಕಾರದ ನೆತ್ತಿಗೆ ಒಂದು ಗೆರೆ ಹೆಚ್ಚು, ಅಷ್ಟೇ.
ಗೆರೆ ಇದ್ದರೆ ಕಾತ್ಸಿ, ಗಂಡಸು.
ಬಿಟ್ಟುಹೋದರೆ ವಾತ್ಸಿ, ಗಡ್ಡದ ಹೋತ.

ಕರಡು ತಿದ್ದಿದವಳು ಲಮಾರಾ. ಮೂವತ್ತೊಂಬತ್ತು ವರ್ಷದ ಕೆಲಸ.
ವಿಧವೆ ಪತ್ರಿಕೆ ಮಡಿಚಿಕೊಂಡು ಮೆಟ್ಟಿಲು ಹತ್ತಿ ಬಂದಾಗ
ಬೈಸಿಕೊಳ್ಳಲೆಂದೇ ಎದ್ದು ನಿಂತಳು.
ಆಕೆ ಕುರ್ಚಿ ಎಳೆದು ಕೂತು, ನೀರು ಕುಡಿದು,
‘ಗಡ್ಡವೇನೋ ಇತ್ತು’ ಎಂದಳು.
ಆಮೇಲೆ ಇಬ್ಬರೂ ಬಹಳ ಹೊತ್ತು ಏನೂ ಹೇಳಲಿಲ್ಲ.

ಸಂಪಾದಕ ವಾಝಾ ಹೊಸ ಪರದೆ ತರಿಸಿದ:
ಇಪ್ಪತ್ತೇಳು ಇಂಚು, ಎಂಬತ್ಮೂರು ಲಕ್ಷ ಚುಕ್ಕಿ.
‘ಇನ್ನು ಸೊಳ್ಳೆಯ ಮೀಸೆಯೂ ಕಾಣುತ್ತೆ, ನೋಡ್ತಿರಿ.’
ಹಚ್ಚಿದರೆ
ಅಂಗಳದ ತುಂಬ ಎಳ್ಳು ಚೆಲ್ಲಿದ ಹಾಗಿತ್ತು.

ಕೇಬಲ್ಲಿನ ಹುಡುಗ ತೋರ್ನಿಕೆ ಬಂದ.
‘ಚುಕ್ಕಿ ಹೆಚ್ಚಾದವು ಚಿಕ್ಕಮ್ಮ, ಅದಕ್ಕೇ ಅಕ್ಷರ ಚಿಕ್ಕದು.
ಅಕ್ಷರಕ್ಕೆ ಚುಕ್ಕಿಯ ಲೆಕ್ಕ ಗೊತ್ತು, ಇಂಚಿನದು ಗೊತ್ತಿಲ್ಲ.’
‘ಮನೆ ದೊಡ್ಡದಾದರೆ ಮಕ್ಕಳು ಕುಗ್ಗುತ್ತಾರೇನೋ?’
ಅವನು ನಕ್ಕು ಸೆಟ್ಟಿಂಗ್ಸ್ ತೆರೆದ.

ನೂರಿಪ್ಪತ್ತೈದು: ಎಳ್ಳು ಹೋಗಿ ಇರುವೆ.
ನೂರೈವತ್ತು: ಬೆಳೆಯಿತು ನಿಜ, ಅಂಚು ಮಾತ್ರ
ಒದ್ದೆ ಕಾಗದಕ್ಕೆ ಬಿದ್ದ ಮಸಿ. ಚುಕ್ಕಿಯನ್ನು ಅರ್ಧ ಸೀಳಲಾಗದು;
ಪುಟ ಕಟ್ಟುವ ಆ ಹಳೇ ಪ್ರೋಗ್ರಾಮು
ತೋಚದೆ ಅರ್ಧ ಬಂದಲ್ಲೆಲ್ಲ ಬೂದಿ ಬಳಿಯಿತು.
ಇನ್ನೂರು: ಒಂದೊಂದು ಗೆರೆಯೂ ಉಳಿಯಲ್ಲಿ ಕಡೆದಂತೆ.
ಆದರೆ ‘ಸೇವ್’ ಗುಂಡಿ ಪರದೆಯ ಕೆಳಗೆ, ಎಲ್ಲೋ, ಬಿದ್ದುಹೋಯಿತು.
ಎಲ್ಲರೂ ನೋಡುತ್ತಿದ್ದರು.
‘ನೂರೇ ಇರಲಿ ಬಿಡು’ ಎಂದಳು ಲಮಾರಾ, ‘ಚೆನ್ನಾಗಿ ಕಾಣ್ತದೆ.’

ಸೀಸದ ಮೊಳೆ ಜೋಡಿಸಿದ ಕೈ ಅದು.
ಎಂಟು ಪಾಯಿಂಟೋ ಹತ್ತೋ, ಬೆರಳಿಗೇ ತೂಕ ತಿಳಿಯುತ್ತಿತ್ತು.
ಮೊಳೆಗೆ ಪರ್ಸೆಂಟಿಲ್ಲ. ದೊಡ್ಡದು ಬೇಕಾದರೆ
ಬೇರೆ ಖಾನೆಗೆ ಕೈ ಹಾಕಬೇಕು.
ಬಲಗಣ್ಣಿನ ಪೊರೆಯ ವಿಷಯ ಮಗಳಿಗೂ ಹೇಳಿಲ್ಲ.

ಸಂಜೆ ಆರಾಗಿ ಎಲ್ಲರೂ ಇಳಿದುಹೋದ ಮೇಲೆ
ಇನ್ನೂರಕ್ಕೆ ಏರಿಸಿ ಇಡೀ ಪುಟ ಮತ್ತೆ ಓದುವಳು.
ಏಳುವ ಮುಂಚೆ ಮತ್ತೆ ನೂರು,
ಕದ್ದು ಬೆಲ್ಲ ತಿಂದು ಬಾಯಿ ಒರೆಸಿಕೊಂಡ ಹಾಗೆ.
ಹೀಗೆ ಏಪ್ರಿಲ್ ಕಳೆಯಿತು.
ಒಂದು ಸಂಜೆ ಏಳನೆಯ ಪುಟಕ್ಕೆ ಬರುವಷ್ಟರಲ್ಲಿ
ಕೊನೆಯ ವ್ಯಾನು ಹಾರ್ನ್ ಮಾಡಿತು. ಓಡಿದಳು.

ಬೆಳಿಗ್ಗೆ ಬಾಗಿಲಲ್ಲೇ ಕೇಳಿತು:
ಒಲೆಯ ಪಕ್ಕದ ಮೇಜಿನಿಂದ, ಹತ್ತು ಹೆಜ್ಜೆ ದೂರದಿಂದ,
ಗುಲಿಕೋ ಅವಳ ಪರದೆಯನ್ನು ಗಟ್ಟಿಯಾಗಿ ಓದುತ್ತಿದ್ದಳು:
‘ಹಾಡುವ ಮೇಳಕ್ಕೆ ಐದು ಹೋತ ಬೇಕಾಗಿವೆ.
ದಪ್ಪ ದನಿ ಇರಬೇಕು.’

ಲಮಾರಾಳ ಕೈ ಕೋಟಿನ ಗುಂಡಿಯ ಮೇಲೇ ಉಳಿಯಿತು.
ಗುಲಿಕೋ ಎದ್ದು ಬಂದಳು, ತೀರ ಹತ್ತಿರ,
ಈರುಳ್ಳಿ ಹೆಚ್ಚಿದ ಬೆರಳು ಇನ್ನೂ ಘಮಗುಡುತ್ತಿತ್ತು.
‘ಇದನ್ನ ಹೇಗೆ ಮಾಡ್ಕೊಂಡೆ? ನಂದಕ್ಕೂ ಮಾಡಿಕೊಡು.
ಹೋದ ಚಳಿಗಾಲದಿಂದ ಅಂದಾಜಿನ ಮೇಲೇ ಓದ್ತಿದ್ದೀನಿ ಕಣೇ.’

ಮಧ್ಯಾಹ್ನಕ್ಕೆ ಮೂರು ಮೇಜು ಇನ್ನೂರಾದವು.
‘ಇದೇನು ಶಿಶುವಿಹಾರವಾ?’ ಎಂದ ವಾಝಾ.
ಶುಕ್ರವಾರ ತೋರ್ನಿಕೆಯನ್ನು ಒಳಗೆ ಕರೆದು
ಬಾಗಿಲು ಹಾಕಿಕೊಂಡ.

ಮೌಸಿನ ಬಾಣ ಮಾತ್ರ ಬೆಳೆಯಲಿಲ್ಲ.
ಆ ಹಳೇ ಪ್ರೋಗ್ರಾಮಿನೊಳಗೆ ಹೊಕ್ಕರೆ ಅದು ಎಳ್ಳೇ.
ಗಳಿಗೆಗೊಮ್ಮೆ ಯಾರಾದರೂ ಮೇಜಿನ ಮೇಲೆ ಮೌಸ್ ಉಜ್ಜುತ್ತ,
‘ಎಲ್ಲಿ ಹೋಯ್ತೇ ಇದು?’
‘ಕೆಳಗೆ ನೋಡು, ಮೇಯರನ ಗಲ್ಲದ ಹತ್ತಿರ.’
‘ಅಲ್ಲಿಲ್ಲ.’
‘ಈಗ ತಾನೆ ಇತ್ತಲ್ಲ!’