ಬೆನ್ನು ತೋರಿಸದೆ

ಗ್ಯೂಮ್ರಿಯಲ್ಲಿ ಫೆಬ್ರವರಿಯೆಂದರೆ
ಆಡಿದ ಮಾತು ಎದುರಿನವರನ್ನು ಮುಟ್ಟುವ ಮೊದಲೇ
ಹೊಗೆಯಾಗಿ ಹೋಗುವ ತಿಂಗಳು.
ಜಗಳಕ್ಕೆ ಅನುಕೂಲ.
ಅಣ್ಣ ವಾಜ್ಗೆನ್ ಮತ್ತು ನಾನು
ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು
ಅರ್ಧ ಗಂಟೆ ಹೀಗೆ ಹೊಗೆ ಬಿಟ್ಟೆವು.

ಅಪ್ಪನ ಎದೆ ಸೀಳಬೇಕಂತೆ.
ಸೀಳಿದರೆ ಅರ್ಧಕ್ಕರ್ಧ, ಅಂದರು ವೈದ್ಯರು.
ಸೀಳದಿದ್ದರೆ ಎಷ್ಟೆಂದು ಹೇಳಲಿಲ್ಲ.
ಅಣ್ಣ ಬೇಡ ಅಂದ. ನಾನು ಬೇಕು ಅಂದೆ.
ರಾತ್ರಿ ಅವನು ಬೇಕು ಅಂದ; ಅಷ್ಟರಲ್ಲಿ ನಾನು
ಬೇಡದ ಕಡೆ ಹೊರಳಿದ್ದೆ.
ಎತ್ತು ಏರಿಗೆ, ಕೋಣ ನೀರಿಗೆ.
ನಡುವೆ ನೊಗದ ಹಾಗೆ ಅಪ್ಪ,
ಸೂಪಿಗೆ ಉಪ್ಪಿಲ್ಲವೆಂದು ಗೊಣಗುತ್ತಾ.

ನನ್ನ ಕೆಲಸ ನೋಟರಿ ಕಚೇರಿಯಲ್ಲಿ.
ಇಪ್ಪತ್ತೊಂದು ವರ್ಷದಿಂದ ಬೇರೆಯವರ ರುಜು ನೋಡುತ್ತಿದ್ದೇನೆ.
ಮನೆ ಮಾರುವವರದು ಆತುರದ ರುಜು,
ಗಂಡನನ್ನು ಬಿಡುವವಳದು ಅಚ್ಚುಕಟ್ಟು,
ದಾನಪತ್ರದ ಮುದುಕರದು ಕಾಗದದ ಅಂಚಿಗೆ ಜಾರುತ್ತದೆ.
ಸರಿ, ಮುಂದಿನವರು, ಎಂದು ಮೊಹರು ಒತ್ತುವವಳು
ನಿನ್ನೆ ಸಂಜೆ ಒಪ್ಪಿಗೆಪತ್ರದ ಕೆಳಗೆ
ಅರ್ಪೆನಿಕ್ ಎಂದು ಬರೆಯಹೋಗಿ
ಮೊದಲ ಅಕ್ಷರದಲ್ಲೇ ನಿಂತೆ.
ಪೆನ್ನು ಕೊಟ್ಟ ನರ್ಸ್ ಹುಡುಗಿ
ನಾಳೆ ಒಂಬತ್ತರೊಳಗೆ ಕೊಡಿ ಅಕ್ಕ, ಅಂದಳು.

ಬೆಳಿಗ್ಗೆ ಏಳೂವರೆ. ಬಸ್ಸು ಬರಲಿಲ್ಲ.
ಬೂಟಿನ ಹಿಮ ಕೊಡವಿ ಚರ್ಚಿನ ಕಡೆ ತಿರುಗಿದೆ,
ಭಕ್ತಿಯಿಂದಲ್ಲ, ಸುಳ್ಳೇಕೆ ಹೇಳಲಿ,
ಚಳಿಗೆ.

ಅಂಗಳದಲ್ಲಿ ಹಳೆಯ ಗುಮ್ಮಟ ನೆಲದ ಮೇಲೆ ಕೂತಿದೆ,
ಭೂಕಂಪದ ಆ ಡಿಸೆಂಬರಿನಲ್ಲಿ ಇಳಿದದ್ದು
ಮತ್ತೆ ಮೇಲೆ ಹತ್ತಲಿಲ್ಲ.
ಆಗ ನನಗೆ ಹತ್ತು ವರ್ಷ.
ದೇವರಿಲ್ಲವೆಂದು ಶಾಲೆಯಲ್ಲಿ ಕಲಿಸುತ್ತಿದ್ದರು.
ಶಾಲೆಯನ್ನೇ ಕಾಣದ ಅಜ್ಜಿ
ನಾದಿದ ಹಿಟ್ಟಿನ ಮೇಲೆ ಅಂಗೈಯಂಚಿನಿಂದ ಶಿಲುಬೆ ಒತ್ತಿ
ಬಟ್ಟೆ ಮುಚ್ಚುತ್ತಿದ್ದಳು.
ಕೇಳಿದರೆ, ಹಿಟ್ಟು ಉಬ್ಬಲಿ ಅಂತ, ಅನ್ನುತ್ತಿದ್ದಳು.
ಉಬ್ಬುತ್ತಿತ್ತು.
ಆ ಡಿಸೆಂಬರಿನಲ್ಲಿ ಶಾಲೆಯೂ ಬಿತ್ತು, ಗುಮ್ಮಟವೂ ಬಿತ್ತು.
ಗೆದ್ದವರು ಯಾರೆಂದು ಕೇಳುವ ವಯಸ್ಸು ನನ್ನದಲ್ಲ;
ಕೇಳುವ ವಯಸ್ಸು ಬಂದಾಗ ವ್ಯವಧಾನವಿರಲಿಲ್ಲ.
ಈಗ ಅದರ ನೆತ್ತಿಯ ಹಿಮವನ್ನು
ಕೈಗವಸಿನಿಂದ ಒರೆಸಬಹುದು.
ಮೇಲಿದ್ದಾಗ ಯಾರ ಕೈಗೂ ಎಟುಕುತ್ತಿರಲಿಲ್ಲ.

ಮೇಣದ ಬತ್ತಿ ಮಾರುವ ಹ್ರಿಪ್ಸಿಮೆ
ಬೆಳಬೆಳಿಗ್ಗೆ ಸಾವಿರದ ನೋಟೇ ಎಂದು ಬೈಯುತ್ತಾ
ಚಿಲ್ಲರೆ ಎಣಿಸಿದಳು.
ಗುರುತಿನ ಚೀಟಿ ಕೇಳಲಿಲ್ಲ.
ರೋಗಿಗೆ ನೀವೇನಾಗಬೇಕು ಎನ್ನಲಿಲ್ಲ.
ಎರಡು ಪ್ರತಿ ಬೇಕಾಗಲಿಲ್ಲ.
ಮರಳಿನ ತಟ್ಟೆಯಲ್ಲಿ ಬತ್ತಿ ನಿಲ್ಲಿಸಿದೆ.
ಅರ್ಧ ಉರಿಯುವ ಮೊದಲೇ ಕಿತ್ತು
ಡಬ್ಬಕ್ಕೆ ಹಾಕುತ್ತಾಳೆ ಅವಳು, ಜಾಗ ಸಾಲದೆಂದು.
ಮೊದಲೆಲ್ಲ ಕೋಪ ಬರುತ್ತಿತ್ತು.
ಇವತ್ತು ನೋಡುತ್ತಾ ಅನ್ನಿಸಿತು,
ಇಲ್ಲಿ ಅರ್ಧವೂ ಜಮೆಯಾಗುತ್ತದೆ.

ಅಪ್ಪನನ್ನು ಉಳಿಸು ಎಂದು ಬೇಡಲಿಲ್ಲ.
ಬೇಡಿದರೆ ಅದೂ ಒಂದು ಅರ್ಜಿ;
ಅರ್ಜಿಗಳ ಗತಿ ನನಗೆ ಗೊತ್ತು.
ಇಷ್ಟೇ ಅಂದೆ: ರುಜು ಹಾಕುತ್ತೇನೆ.
ತಪ್ಪಾದರೆ ಹೊಟ್ಟೆಗೆ ಹಾಕಿಕೋ.
ಸಾಕ್ಷಿಯ ಜಾಗ ಖಾಲಿ ಇದೆ.

ಉತ್ತರ ಬರಲಿಲ್ಲ.
ಹೀಟರಿನ ಕೊಳವೆ ಎರಡು ಸಲ ಟಕ್ ಅಂದಿತು;
ಅದನ್ನು ಉತ್ತರವೆಂದುಕೊಳ್ಳುವಷ್ಟು ಕೆಟ್ಟಿಲ್ಲ ನಾನು.
ಆದರೆ ಎಷ್ಟೋ ದಿನದಿಂದ ಕಿವಿಯ ಹತ್ತಿರವೇ ಇದ್ದ ಭುಜಗಳು
ತಮ್ಮ ಜಾಗಕ್ಕೆ ಇಳಿದವು.
ಮೂಗಿಗೆ ಮೇಣದ ವಾಸನೆ ಬಂತು,
ಬಹಳ ಹೊತ್ತಿನಿಂದ ಇದ್ದಿರಬೇಕು.

ನಮ್ಮಲ್ಲಿ ಹೊರಡುವಾಗ ಬಲಿಪೀಠಕ್ಕೆ ಬೆನ್ನು ತೋರಿಸುವುದಿಲ್ಲ.
ಎದುರನ್ನೇ ನೋಡುತ್ತಾ ಹಿಂದಕ್ಕೆ ಹೆಜ್ಜೆ ಇಡಬೇಕು,
ಹೊಸಿಲನ್ನು ಹಿಮ್ಮಡಿಯೇ ಹುಡುಕಿಕೊಳ್ಳಬೇಕು.
ಒಂದು, ಎರಡು, ಏಳು, ಎಂಟು.
ಹಿಮ್ಮಡಿಗೆ ಸಿಕ್ಕಿದ್ದು ಹೊಸಿಲಲ್ಲ,
ಯಾರದೋ ಬೂಟು.

ವಾಜ್ಗೆನ್.
ಟೋಪಿಯ ಮೇಲೆ ಹಿಮ, ಕಣ್ಣು ಕೆಂಪು.
ದೇವರು ಗೀವರು ಮುದುಕಿಯರಿಗೆ ಅನ್ನುವವನು
ಗಂಟಲು ಸರಿಮಾಡಿಕೊಂಡು
ಚಳಿಗೆ ಬಂದೆ, ಅಂದ.

ಆಮೇಲೆ ಜೇಬು ತಡಕಿ,
ನೂರು ದ್ರಾಮ್ ಚಿಲ್ಲರೆ ಇದೆಯಾ, ಅಂದ.

ಇತ್ತು.