ಬೆಂಬಲ ವಿಭಾಗದವನಿಗೆ

ನಿನ್ನ ಹೆಸರು ಗೊತ್ತಿಲ್ಲ. ಚಾಟ್ ಕಿಟಕಿಯಲ್ಲಿ
'ಬೆಂಬಲ–೪' ಎಂದಿತ್ತು, ಅಷ್ಟೆ.
"ಶುಭೋದಯ. ನಿಮ್ಮ ಕಡತಗಳು ನಮ್ಮಲ್ಲಿ ಕ್ಷೇಮ.
ಗಾಬರಿಯಾಗಬೇಡಿ" ಎಂದೆ ನೀನು.
ಇಲ್ಲಿ ಬೆಳಗಿನ ಜಾವ ನಾಲ್ಕು ಗಂಟೆ.
ಗಾಬರಿಯಾಗಲು ಬೇಕಾದಷ್ಟು ಎಚ್ಚರವೂ ನನಗಿರಲಿಲ್ಲ.

ನಾನು ಇಲ್ಗ್ವಾರ್ಸ್. ಲಾಟ್ವಿಯಾದಲ್ಲಿ, ವೆಂಟಾ ನದಿಯ ದಂಡೆಯ
ಎಂಬತ್ತು ಹಾಸಿಗೆಯ ಆಸ್ಪತ್ರೆಗೆ
ಕಂಪ್ಯೂಟರಿನವನು, ಒಬ್ಬನೇ.
ಪ್ರಿಂಟರಿಗೂ ನಾನೇ, ಫೋನಿಗೂ ನಾನೇ,
ನಿರ್ದೇಶಕರ ಮಗಳ ಟ್ಯಾಬ್ಲೆಟ್ಟಿಗೂ ನಾನೇ.

ನಮ್ಮೂರಲ್ಲಿ ನದಿ ಒಂದಾಳೆತ್ತರದಿಂದ ಬೀಳುತ್ತದೆ,
ಅಗಲಕ್ಕೆ ಕೊನೆಯಿಲ್ಲ. ವಸಂತದಲ್ಲಿ
ಮೀನುಗಳು ಅದನ್ನು ಹಾರಲು ಬರುತ್ತವೆ.
ಹಿಂದೆ ಅಲ್ಲಿ ಬುಟ್ಟಿ ಕಟ್ಟುತ್ತಿದ್ದರಂತೆ.
ಗಾಳವಿಲ್ಲ, ಬಲೆಯಿಲ್ಲ, ಬೆನ್ನಟ್ಟುವುದಿಲ್ಲ;
ಹಾರಿ ತಪ್ಪಿದ ಮೀನು ತಾನಾಗಿ ಬುಟ್ಟಿಗೆ.
ಇದನ್ನು ಹೇಳಿ ಅಜ್ಜ ನಗುತ್ತಿದ್ದ.
ನಮಗೆ ಬಂದ ಮೇಲ್ ನೋಡಿದ್ದರೆ ಏನನ್ನುತ್ತಿದ್ದನೋ:
"ಹತ್ತಿ, ಬ್ಯಾಂಡೇಜು. ಬಾಕಿ ಬಿಲ್ಲು. ಎರಡನೇ ನೆನಪೋಲೆ."

ತೆರೆದವಳು ಲೆಕ್ಕಪತ್ರದ ಸೊಲ್ವೈಗಾ ಎಂದು
ವರದಿಯಲ್ಲಿದೆ.
"ತೆರೆಯಬಹುದಾ?" ಎಂದು ಕೇಳಿದಾಗ ತಲೆಯೆತ್ತದೆ
"ಹ್ಞೂಂ" ಅಂದವನ ಹೆಸರು ವರದಿಯಲ್ಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಪರದೆಗಳೆಲ್ಲ ಕಪ್ಪು.
ಯಾರಿಗೆ ಯಾವ ರಕ್ತ, ಯಾರಿಗೆ ಪೆನಿಸಿಲಿನ್ ಆಗದು,
ಹೇಳುವವರಿಲ್ಲ. ಆಗ ಬಂದಳು ಔಸ್ಮಾ,
ನಿವೃತ್ತಳಾಗಿ ಹನ್ನೊಂದು ವರ್ಷ,
ಕೈಯಲ್ಲಿ ನೆಲಮಾಳಿಗೆಯ ಕೀಲಿ.
ವಾಪಸು ಕೇಳಲು ಯಾರಿಗೂ ನೆನಪಾಗದ ಕೀಲಿ.
ಮರದ ಖಾನೆಗಳು, ಕಂದು ಕಾರ್ಡುಗಳು.
ಬೆರಳಿಗೆ ಉಗುಳು ಹಚ್ಚಿ ತಿರುವುತ್ತ
"ಇದಕ್ಕೆ ಪಾಸ್‌ವರ್ಡ್ ಇಲ್ಲ ಮಗಾ, ಇಲಿ ಇದೆ" ಅಂದಳು.
ಹಳಬರೆಲ್ಲ ಸಿಕ್ಕರು.
ಈ ಹನ್ನೊಂದು ವರ್ಷದಲ್ಲಿ ಹುಟ್ಟಿದವರು ಸಿಗಲಿಲ್ಲ.

ನೀನು ಮಾತ್ರ ತಾಳ್ಮೆಗೆಡಲಿಲ್ಲ.
ಬಿಟ್‌ಕಾಯಿನ್ ಕೊಳ್ಳುವುದು ಹೇಗೆಂದು
ಹೆಜ್ಜೆ ಹೆಜ್ಜೆಯಾಗಿ ಕಲಿಸಿದೆ; ನಮ್ಮ ಬ್ಯಾಂಕಿನವರು
ಒಂದು ದಿನವೂ ನನ್ನೊಡನೆ ಹಾಗೆ ಮಾತಾಡಿಲ್ಲ.
ನಂಬಿಕೆ ಬರಲೆಂದು ಒಂದು ಕಡತ ಬಿಡಿಸಿಕೊಟ್ಟೆ:
ಮಂಗಳವಾರದ ಡಯಾಲಿಸಿಸ್ ಪಟ್ಟಿ.
ಆರು ಜನ ಆ ಮಂಗಳವಾರ ನಿನ್ನ ದಯೆಯಿಂದ...
ಬೇಡ, ಆ ವಾಕ್ಯ ಮುಗಿಸುವುದಿಲ್ಲ.

ಮೂರನೆಯ ರಾತ್ರಿ ನಲವತ್ತು ನಿಮಿಷ ಸುಮ್ಮನಿದ್ದು
"ಕ್ಷಮಿಸಿ, ಮಗುವಿಗೆ ಜ್ವರ" ಎಂದು ಬರೆದೆ ನೀನು.
ಬರೆದು ಅಳಿಸಿದೆ. ನಾನು ಓದಿಯಾಗಿತ್ತು.
ಇದೂ ಬುಟ್ಟಿಯೇ ಇರಬಹುದು.
"ಎಷ್ಟಿದೆ?" ಎಂದು ಕೇಳಿಬಿಟ್ಟೆ.
ಬಹಳ ಹೊತ್ತಿನ ಮೇಲೆ: "ಮೂವತ್ತೊಂಬತ್ತು ದಾಟಿದೆ."
ಪಕ್ಕದಲ್ಲಿದ್ದ ನರ್ಸ್ ಹೇಳಿದಂತೆ ಟೈಪ್ ಮಾಡಿದೆ:
ದಪ್ಪಗೆ ಹೊದಿಸಬೇಡ, ಗುಟುಕು ಗುಟುಕಾಗಿ ನೀರು,
ಬೆಳಗಾಗಲೆಂದು ಕಾಯಬೇಡ, ಹತ್ತಿರದ ಆಸ್ಪತ್ರೆಗೆ

ಆ ಪದದ ಮುಂದೆ ಕರ್ಸರ್
ಮಿನುಗುತ್ತ ನಿಂತಿತು. ನಾನೂ ನಿಂತೆ.

ಬೆಳಿಗ್ಗೆ "ಶುಭೋದಯ" ಅಂದವನು ಬೆಂಬಲ–೭.
ದರ ದುಪ್ಪಟ್ಟಾಗಿತ್ತು.

ನಾವು ಕೊಡಲಿಲ್ಲ. ಕೊಟ್ಟೆವೆಂದೂ ಕೆಲವರು ಹೇಳುತ್ತಾರೆ.
ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಲು
ರಾಜಧಾನಿಯಿಂದ ತಜ್ಞರು ಬಂದರು,
ಹದಿನಾರು ಅಕ್ಷರದ ಗುಟ್ಟುಮಾತು ಕಲಿಸಿದರು.
ನಿಮ್ಮ ತಂಡ ಚದುರಿತೆಂದು ಪತ್ರಿಕೆಯಲ್ಲಿತ್ತು.
ಮುಂದಿನ ವಾರವೇ ಬೇರೆ ಹೆಸರಿನವರು
ಬೇರೊಂದು ಊರಿನ ನೀರಿನ ಪಂಪು ನಿಲ್ಲಿಸಿದರು.
ಅಂಗಡಿ ಅದೇ, ಬೋರ್ಡು ಬೇರೆ.
ಈಗ ದನಿಯನ್ನೂ ಕದಿಯುತ್ತಾರಂತೆ; ಸೊಲ್ವೈಗಾ
ಗಂಡನ ಫೋನ್ ಬಂದರೂ ಮದುವೆಯ ತಾರೀಖು ಕೇಳುತ್ತಾಳೆ.
ಅವನಿಗೆ ಮರೆತಿರುತ್ತದೆ.

ಔಸ್ಮಾಳಿಗೆ ಒಂದು ದಿನ ಇದನ್ನೆಲ್ಲ ಹೇಳಿದೆ,
ಆ "ಹ್ಞೂಂ" ಸಮೇತ.
ಅವಳು ಬೈಯಲಿಲ್ಲ. ಖಾಲಿ ಕಾರ್ಡೊಂದು ತೆಗೆದಳು.
"ಹೆಸರು?" ಗೊತ್ತಿಲ್ಲ. "ವಯಸ್ಸು?" ಗೊತ್ತಿಲ್ಲ.
"ಜ್ವರ?" ಮೂವತ್ತೊಂಬತ್ತು ದಾಟಿತ್ತು.
"ಇಳಿಯಿತಾ?"
ಪೆನ್ಸಿಲ್ ಹಿಡಿದೇ ಇದ್ದಳು.