ಷರಾ

ಬೆಳಿಗ್ಗೆ ಏಳೂಕಾಲಿಗೆ ಫೋನು.
ಬ್ರಹ್ಮಗಿರಿಯ ಈಚೆ ಮಗ್ಗುಲಿನ ಒಂದು ತೊರೆಯಿಂದ
ಚೆಂಗಪ್ಪನ ದನಿ, ಅದರ ಹಿಂದೆ ಜೀರುಂಡೆ:
"ಬರ್ಕೊಳ್ಳಿ ಮೇಡಂ. ಮಳೆ ಸೊನ್ನೆ.
ಪಟ್ಟಿಯಲ್ಲಿ ನೀರು ನಲವತ್ತೊಂದು."
ಸೆಂಟಿಮೀಟರ್ ಅನ್ನುವುದಿಲ್ಲ ಅವನು,
ನಮ್ಮಿಬ್ಬರಿಗೂ ಗೊತ್ತಿರುವ ಸಂಗತಿ ಅದು.
ಮುಖ ಮಾತ್ರ ನೋಡಿಲ್ಲ.

ಆಮೇಲೆ ಒಂದು ಗಳಿಗೆ ಸುಮ್ಮನಿದ್ದು
ಷರಾ ಹೇಳುತ್ತಾನೆ. ಯಾರೂ ಕೇಳಿದ್ದಲ್ಲ.
"ನೀರು ತಿಳಿ. ಏಡಿ ಕಲ್ಲಿನಡಿಯಿಂದ ಹೊರಗೆ ಬಂದಿದೆ."
"ನೀರು ಕೆಂಪು. ಮೇಲೆ ಯಾರೋ ರಸ್ತೆ ಕೆತ್ತುತ್ತಿದ್ದಾರೆ."
"ಹುಲ್ಲಿನ ಬೇರು ಹಿಸುಕಿದರೆ ಇನ್ನೂ ಒದ್ದೆ."

ನಮ್ಮ ತಖ್ತೆಯಲ್ಲಿ ಕಾಲಂ ಐದು:
ದಿನಾಂಕ, ಮಳೆ, ಮಟ್ಟ, ಹರಿವು, ಸಹಿ.
ಏಡಿಗೆ ಜಾಗವಿಲ್ಲ.
ಹನ್ನೊಂದು ವರ್ಷದಿಂದ ಅವನ್ನೆಲ್ಲ
ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ,
ಇಗರ್ಜಿಯ ಹಾಡಿನ ಪುಸ್ತಕದಂಚಿಗೆ
ಅಮ್ಮ ಹಾಲಿನ ಲೆಕ್ಕ ಬರೆಯುತ್ತಿದ್ದ ಹಾಗೆ.

ಗುಡ್ಡ ಜರಿದ ವರ್ಷ ಹದಿನೇಳು ದಿನ ಫೋನಿಲ್ಲ.
ಹದಿನೇಳು ಅಡ್ಡಗೆರೆ ಎಳೆದೆ.
ಹದಿನೆಂಟನೆಯ ದಿನ: "ಪಟ್ಟಿ ಹೊಸ ಕಲ್ಲಿಗೆ ಕಟ್ಟಿದ್ದೇನೆ.
ಹಳೆಯ ಕಲ್ಲು ಹುಡುಕುತ್ತಿದ್ದೇನೆ."

ಈ ಊರು ನದಿಯ ದಡದಲ್ಲಿಲ್ಲ,
ದಿಬ್ಬದ ನೆತ್ತಿಯ ಮೇಲೆ ಕೂತಿದೆ.
ನಮ್ಮ ಕಚೇರಿಯ ತಾರಸಿಗೆ ಬಿದ್ದ ಮಳೆ
ಒಂದು ಕೊಳವೆಯಲ್ಲಿ ವೃಷಭಾವತಿಯ ಕಡೆಗೆ,
ಇನ್ನೊಂದರಲ್ಲಿ ಪಿನಾಕಿನಿಯ ಕಡೆಗೆ;
ಒಂದೇ ಮೋಡದ ಎರಡು ಪಾಲು, ಸಮುದ್ರದವರೆಗೂ
ಮತ್ತೆ ಭೇಟಿಯಿಲ್ಲ.
ಕುಡಿಯುವ ನೀರು ಮಾತ್ರ ಒಂದು ಬೆಟ್ಟ ಇಳಿದು,
ತೊರೆಕಾಡನಹಳ್ಳಿಯಲ್ಲಿ ನಿಂತು, ಉಸಿರು ಕಟ್ಟಿ,
ಮೂರು ಸಲ ಪಂಪಿನ ಹೆಗಲೇರಿ
ಇನ್ನೊಂದು ಬೆಟ್ಟ ಹತ್ತುತ್ತದೆ.
ಶ್ರೀರಾಮಪುರದ ಗಲ್ಲಿಯಲ್ಲಿ ನಸುಕು ನಾಲ್ಕಕ್ಕೆ
ಮುನಿಹನುಮಯ್ಯ ಉದ್ದ ಕಬ್ಬಿಣದ ಕೀಲಿ ತಿರುಗಿಸಿದರೆ
ಬಿಂದಿಗೆಗೆ ಬೀಳುವುದು ಕಳೆದ ಆಷಾಢದ ಮಳೆ.
ಇಷ್ಟು ದಿನ ಎಲ್ಲಿದ್ದೆ ಎಂದು
ಬಿಂದಿಗೆ ಕೇಳುವುದಿಲ್ಲ.

ಅಕ್ಟೋಬರಿನ ಸಭೆ. ಮೂರನೇ ಮಹಡಿ.
ಅಣೆಕಟ್ಟು ತುಂಬಿತ್ತು, ಎಲ್ಲರ ಮುಖವೂ ತುಂಬಿತ್ತು,
ಗೋಡಂಬಿಯ ತಟ್ಟೆ ಒಂದು ಸುತ್ತು ಬಂತು.
ಬೇಸಿಗೆಗೆ ಕಡಿತ ಬೇಡ, ಹೊಸ ಬಡಾವಣೆಗಳಿಗೂ ಕೊಡೋಣ
ಎಂಬಲ್ಲಿಗೆ ಮಾತು ಬಂದಾಗ ಎದ್ದು ನಿಂತೆ.
ಚಹಾಕ್ಕೆ ಹೇಳಲು ಎದ್ದೆನೆಂದುಕೊಂಡರು.

ಅಂಚಿನ ಪೆನ್ಸಿಲು ಓದಿದೆ:
"ಮೊದಲು ಮಳೆ ನಿಂತರೆ ತೊರೆ ಇಳಿಯಲು ಒಂಬತ್ತು ದಿನ.
ಆಮೇಲೆ ಏಳು. ಈ ಸಲ ನಾಲ್ಕು.
ಬೆಟ್ಟ ನೀರು ಹಿಡಿದಿಟ್ಟುಕೊಳ್ಳುತ್ತಿಲ್ಲ, ಮೇಡಂ.
ಬಂದದ್ದನ್ನು ಬಂದಂತೆ ಕೈಬಿಡುತ್ತಿದೆ."
ಅಂದರೆ, ಎಂದೆ, ಈಗ ಅಣೆಕಟ್ಟಿನಲ್ಲಿರುವುದು
ಫಾಲ್ಗುಣಕ್ಕೆ ಬರಬೇಕಾದ ನೀರೂ ಸೇರಿ.
ಮುಂಗಡ ಬಂದ ಸಂಬಳವನ್ನು
ನಾವು ಬೋನಸ್ಸು ಅಂದುಕೊಂಡಿದ್ದೇವೆ.

ಫ್ಯಾನು ಸುತ್ತಿತು.
ಜಲವಿಜ್ಞಾನ ಓದಿ ಹೊಸದಾಗಿ ಸೇರಿದ ಸಬೀಹಾ
ಹನ್ನೊಂದು ವರ್ಷದ ಅಂಕಿ ಒಂದರ ಮೇಲೊಂದಿಟ್ಟು
"ಹೌದು ಸರ್, ಗೆರೆಯ ಬೆನ್ನು ಕಡಿದಾಗುತ್ತಿದೆ" ಎಂದಳು, ಮೆಲ್ಲಗೆ.
ಅಧ್ಯಕ್ಷರು ಕನ್ನಡಕ ಒರೆಸಿದರು.
ಒಂದೇ ತೊರೆ, ಎಂದರು, ಒಬ್ಬನ ಮಾತು.
ಕೆಟ್ಟ ಮನುಷ್ಯರಲ್ಲ,
ಅವರ ಮನೆಗೂ ವಾರಕ್ಕೆ ಎರಡು ಟ್ಯಾಂಕರು.

ನಡಾವಳಿಯಲ್ಲಿ ಒಂದು ಸಾಲು ಬಂತು:
"ಗಮನಿಸಲಾಯಿತು."

ಮರುದಿನ ಏಳೂಕಾಲು.
"ಓದಿದಿರಾ ಮೇಡಂ? ಏನಂದರು?"
ಗಮನಿಸಲಾಗಿದೆ, ಎಂದೆ.
ಜೀರುಂಡೆ. ನೀರು.
"ಯಾರು ಗಮನಿಸಿದ್ದು?"

ಇಷ್ಟು ವರ್ಷ ಸರ್ಕಾರಿ ಕನ್ನಡ ಬರೆದವಳಿಗೆ
ಆಗ ಕಂಡಿತು, ಆ ಕ್ರಿಯಾಪದಕ್ಕೆ
ಕರ್ತೃವೇ ಇಲ್ಲ.

"ಬರ್ಕೊಳ್ಳಿ," ಅಂದ. "ಮಳೆ ಸೊನ್ನೆ. ಮೂವತ್ತಾರು."
ಬರೆದೆ. ಸ್ಕೇಲು ತೆಗೆದು, ಸಹಿಗೆ ಮೊದಲು
ಇನ್ನೊಂದು ಗೆರೆ ಎಳೆದೆ, ಶಾಯಿಯಲ್ಲಿ.
ಸಹಿಯ ಜಾಗ ಕೊಂಚ ಇಕ್ಕಟ್ಟಾಯಿತು.
ಹ್ಞೂಂ, ಷರಾ ಹೇಳು ಚೆಂಗಪ್ಪ.